ಬೆನ್ನ ಹಿಂದಿನಿಂದ ಕರೆದವಳು

ಮೂವತ್ತು ಆಡುಗಳು ಒತ್ತೊತ್ತಾಗಿ ನಿಂತ ದೊಡ್ಡಿಯ ಬಾಗಿಲಲ್ಲಿ ಕೆಂಚವ್ವ ಅಗಸೆ ಸೊಪ್ಪಿನ ಕಟ್ಟು ಹಿಡಿದು ನಿಂತು, ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಒಂದು ಸಣ್ಣ ಸದ್ದು ಮಾಡುತ್ತಿದ್ದಳು. ಒಂದೇ ಒಂದು ಆಡು ತಲೆಯೆತ್ತಿ, ಉಳಿದವುಗಳ ನಡುವೆ ನುಸುಳಿಕೊಂಡು ಹೊರಗೆ ಬರುತ್ತಿತ್ತು. ಅದಕ್ಕೆ ಸೊಪ್ಪು ಕೊಟ್ಟು, ಗೊರಸು ನೋಡಿ, ಒಳಗೆ ಬಿಟ್ಟು, ಆಮೇಲೆ ಬೇರೊಂದು ಸದ್ದು. ಈ ಸಲ ಬೇರೆ ಆಡು. ಮೂವತ್ತಕ್ಕೂ ಮೂವತ್ತು ಕರೆ. ತನ್ನ ಕರೆಯಲ್ಲದ ಕರೆಗೆ ಯಾವುದಾದರೂ ಎಳೆಯ ಆಡು ಮುನ್ನುಗ್ಗಿ ಬಂದರೆ ಆಕೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಸುಮ್ಮನೆ ಕೈ ಹಿಂದೆ ಕಟ್ಟಿಕೊಂಡು ಆಕಾಶ ನೋಡುತ್ತಿದ್ದಳು. ಆಡು ಸ್ವಲ್ಪ ಹೊತ್ತು ಕಾದು ಹಿಂದಕ್ಕೆ ಹೋಗುತ್ತಿತ್ತು. ನಾಲ್ಕಾರು ದಿನ ಹೀಗೆ ಬರಿಗೈಯಲ್ಲಿ ಹಿಂತಿರುಗಿದ ಮೇಲೆ ಅದು ಇನ್ನೊಂದರ ಕರೆಗೆ ಬರುವುದನ್ನು ಬಿಡುತ್ತಿತ್ತು.

ತಮಿಳುನಾಡಿನ ಕಂಬಂ ಪಟ್ಟಣಕ್ಕೆ ಹತ್ತಿರದ, ಕನ್ನಡ ಮನೆಮಾತಿನ ನಮ್ಮ ಊರಿನಲ್ಲಿ ಆಕೆಯ ಮನೆ ನಮ್ಮ ಮನೆಗೆ ಎದುರು. ನನ್ನ ಗಂಡ ಮುರುಗೇಶನಿಗೆ ದೂರದ ಸಂಬಂಧದಲ್ಲಿ ಅತ್ತೆಯಾಗಬೇಕು. ಎಪ್ಪತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಮಾತು ಕಡಿಮೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆಕೆಗೆ ಹೆದರುತ್ತಿದ್ದೆ. ಮನೆಯ ಮುಂಭಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕುಳಿತ ನನ್ನನ್ನು ಆಕೆ ಹೊಸ ಆಡನ್ನು ನೋಡುವ ಹಾಗೆ ನೋಡುತ್ತಿದ್ದಳು.

ನಮ್ಮ ಮಗಳು ಪೂರ್ಣಿಗೆ ಕಿವಿ ಕೇಳಿಸುವುದಿಲ್ಲ ಎಂದು ಮೊದಲು ಕಂಡುಹಿಡಿದವಳೂ ಕೆಂಚವ್ವನೇ. ಮಗುವಿಗೆ ಆಗ ಹತ್ತು ತಿಂಗಳು. ಎದುರು ಮನೆಯ ಜಗಲಿಯಿಂದ ಎದ್ದು ಬಂದು, ನನ್ನ ಯಂತ್ರದ ಪಕ್ಕ ನಿಂತು, ಮಗುವನ್ನು ಒಮ್ಮೆ ಮದುರೆಯ ಆಸ್ಪತ್ರೆಯಲ್ಲಿ ತೋರಿಸು ಎಂದಳು. ಏಕೆ ಎಂದೆ. ನಿನ್ನ ಯಂತ್ರ ಶುರುವಾದಾಗ ಇವಳು ತಿರುಗುವುದಿಲ್ಲ, ನಿನ್ನ ಕಾಲು ಆಡುವುದನ್ನು ಕಂಡರೆ ತಿರುಗುತ್ತಾಳೆ ಎಂದಳು. ನನಗೆ ಕೋಪ ಬಂದು ಎರಡು ತಿಂಗಳು ಆಕೆಯ ಜತೆ ಮಾತು ಬಿಟ್ಟೆ. ಆ ಎರಡು ತಿಂಗಳಲ್ಲಿ ನಾನು ಮಾಡಿದ್ದೆಲ್ಲ ಆಕೆ ಹೇಳಿದ್ದನ್ನು ಸುಳ್ಳು ಮಾಡಲು ಪಾತ್ರೆ ಬಡಿದದ್ದು. ಆಮೇಲೆ ಮದುರೆಗೆ ಹೋದೆವು.

ಮೂರೂವರೆ ವರ್ಷಕ್ಕೆ ಆಪರೇಷನ್ ಆಯಿತು. ಕಿವಿಯೊಳಗೆ ಒಂದು ತಂತಿ, ಕಿವಿಯ ಹಿಂದೆ ಹೊರಗಡೆ ಒಂದು ಯಂತ್ರ, ತಲೆಗೆ ಅಂಟಿಕೊಳ್ಳುವ ಒಂದು ದುಂಡನೆಯ ಬಿಲ್ಲೆ. ಒಂದು ತಿಂಗಳ ನಂತರ ಅದನ್ನು ಚಾಲೂ ಮಾಡಿದ ದಿನ ಮಗಳು ನನ್ನ ಕಡೆ ತಿರುಗಿ ನಗುತ್ತಾಳೆ ಎಂದು ನಾನು ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆ. ಅವಳು ಕಿರುಚಿ ಬಿಲ್ಲೆಯನ್ನು ಕಿತ್ತೆಸೆದಳು. ಡಾಕ್ಟರು ಸಮಾಧಾನ ಹೇಳಿದರು: ಯಂತ್ರ ಸದ್ದನ್ನು ಒಳಗೆ ಕಳಿಸುತ್ತದೆ, ಅಷ್ಟೇ. ಯಾವ ಸದ್ದು ಏನು ಎಂಬುದನ್ನು ಮಗು ಕಲಿಯಬೇಕು, ಅದಕ್ಕೆ ವರ್ಷಗಳು ಬೇಕು, ತಡಮಾಡಿದಷ್ಟೂ ಕಷ್ಟ.

ವಾರಕ್ಕೊಮ್ಮೆ ದಿಂಡಿಗಲ್‌ನಲ್ಲಿ ತರಬೇತಿ. ಕಂಬಂನಲ್ಲಿ ಬೆಳಗಿನ ಬಸ್ಸು ಹತ್ತಿದರೆ ತೇನಿ, ವತ್ತಲಗುಂಡು ದಾಟಿ ಸೇರುವಾಗ ಬಿಸಿಲು ಏರಿರುತ್ತಿತ್ತು. ಅಲ್ಲಿ ಶಾಂತಿ ಎಂಬ ಹುಡುಗಿ ಮಗುವನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡು ಕಲಿಸುತ್ತಿದ್ದಳು. ಮೊದಲ ದಿನವೇ ಎರಡು ಕಟ್ಟಪ್ಪಣೆ ಕೊಟ್ಟಳು. ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಸಬೇಕು, ಮಗು ಯಾವ ಪದ ಗುರುತಿಸಿತು, ಯಾವುದು ತಪ್ಪಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದು ತರಬೇಕು. ಎರಡನೆಯದು, ಒಂದೇ ಭಾಷೆ. ಶಾಲೆ ತಮಿಳಿನದು, ಆದ್ದರಿಂದ ತಮಿಳು ಮಾತ್ರ. ಮನೆಯ ಕನ್ನಡವನ್ನು ಬಿಟ್ಟುಬಿಡಿ.

ನಾವು ಬಿಟ್ಟೆವು. ಗಂಡನ ತಾಯಿ, ಗಂಡ, ನಾನು, ಮೂವರೂ ಮಗುವಿನ ಮುಂದೆ ತಮಿಳೇ. ನಮಗದು ಕಷ್ಟವೂ ಆಗಲಿಲ್ಲ, ಅರ್ಧ ಜೀವನ ಅದರಲ್ಲೇ ನಡೆಯುತ್ತದೆ. ಕಷ್ಟವಾದದ್ದು ದಿನವೂ ಎರಡು ಗಂಟೆ ಕೂತು ಕಲಿಸುವುದು. ಮದುವೆ ಕಾಲದ ಹೊಲಿಗೆ ಮೇಲೆ ಬಿದ್ದಿತ್ತು, ಮುರುಗೇಶ ದ್ರಾಕ್ಷಿ ತೋಟದ ಔಷಧಿ ಕೆಲಸದಲ್ಲಿದ್ದ. ಆಗ ಕೆಂಚವ್ವ ರಸ್ತೆ ದಾಟಿ ಬಂದಳು.

"ಪಿಳ್ಳೇನ ದಿನಾ ಮಧ್ಯಾನ ನಂಗೆ ಕೊಡು," ಎಂದಳು. "ಆದ್ರೆ ತಮಿಳು ನಂಗೆ ಬಾಯಿಗೆ ಬರ್ತದೆ, ಮನಸಿಗೆ ಬರಾಕಿಲ್ಲ. ನಂದು ನಮ್ಮ ಮಾತೇ."

ಶಾಂತಿ ಒಪ್ಪುವುದಿಲ್ಲ ಎಂದೆ. ಆಕೆ ಮಗುವನ್ನು ಎತ್ತಿಕೊಂಡು ಹೋದಳು. ನಾನು ತಡೆಯಲಿಲ್ಲ. ದಿಂಡಿಗಲ್‌ಗೆ ಹೇಳಲೂ ಇಲ್ಲ.

ಆಕೆಯ ಪಾಠ ಹೀಗಿತ್ತು. ಮೊರದಲ್ಲಿ ಮೂರು ವಸ್ತು: ಒಂದು ಬಳೆ, ಒಂದು ಬಾಳೆಹಣ್ಣು, ಒಂದು ಬಟ್ಟೆ ತುಂಡು. ಆಕೆ ಎದುರಿಗೆ ಕೂತು, ತುಟಿ ಕಾಣದಂತೆ ಬೀಸಣಿಗೆ ಅಡ್ಡ ಹಿಡಿದು, ಒಂದು ಹೆಸರು ಹೇಳುವಳು. ಮಗು ಸರಿಯಾದದ್ದನ್ನು ಎತ್ತಿಕೊಟ್ಟರೆ ಮಡಿಲಿನಿಂದ ಬೆಲ್ಲದ ಚೂರು. ಒಂದೇ ಮಾತು, ಒಂದೇ ಧಾಟಿ, ಒಂದೇ ಜಾಗ. "ಬಳೆ" ಎಂಬುದನ್ನು ಆಕೆ ಒಂದು ದಿನವೂ "ಬಳೆ ತಾ ಕಣ್ಣೂ" ಎಂದು ಮುದ್ದಿನಿಂದ ಹೇಳಿದ್ದನ್ನು ನಾನು ಕೇಳಲಿಲ್ಲ. ನಾನು ಹಾಗೆ ಹೇಳಿದಾಗ ಮಾತ್ರ ಬೈದಳು: "ಮೊದ್ಲು ಕಲ್ಲು ಇಡು. ಆಮ್ಯಾಲೆ ಹೂ ಮುಡ್ಸು."

ಎರಡು ತಿಂಗಳಲ್ಲಿ ಪೂರ್ಣಿ ಹತ್ತಕ್ಕೆ ಒಂಬತ್ತು ಸರಿ ಎತ್ತುತ್ತಿದ್ದಳು. ನನ್ನ ನೋಟ್‌ಬುಕ್ಕಿನ ತುಂಬ ಸರಿ ಗುರುತುಗಳು. ಶಾಂತಿಯ ಮುಂದೆ ಮಾತ್ರ ಮಗು ಏನೂ ಮಾಡುತ್ತಿರಲಿಲ್ಲ. ಹೊಸ ಜಾಗ, ನಾಚಿಕೆ ಎಂದು ನಾನು ಕಾರಣ ಕೊಡುತ್ತಿದ್ದೆ. ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕೆಂಚವ್ವ ಮಾತ್ರ ದಿನದಿಂದ ದಿನಕ್ಕೆ ಮುಖ ಗಂಟಿಕ್ಕಿಕೊಳ್ಳುತ್ತ ಹೋದಳು.

ಒಂದು ಮಧ್ಯಾಹ್ನ ನನ್ನನ್ನು ಕರೆಸಿ ಬಾಗಿಲ ಬಳಿ ನಿಲ್ಲಿಸಿದಳು. ಮೊರ ಮುಂದಿಟ್ಟು, ಬೀಸಣಿಗೆ ಹಿಡಿದಳು. ಮಗು ಬಳೆ ಎತ್ತಿತು. ಮತ್ತೆ ಬೀಸಣಿಗೆ. ಬಾಳೆಹಣ್ಣು. ಮತ್ತೊಮ್ಮೆ, ಬಳೆ. ಮೂರೂ ಸರಿಯೇ ಎಂದು ಕೇಳಿದೆ.

"ಸರೀನೇ. ನಾ ನೆನ್ಸಿದ್ದೇ ಎತ್ತಿದ್ಳು. ಆದ್ರೆ ನಾ ಬಾಯೇ ಬಿಡ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಆಕೆ ಇನ್ನೊಮ್ಮೆ ಮಾಡಿ ತೋರಿಸಿದಳು. ಈಗ ನಾನೂ ನೋಡಿದೆ. ಆಕೆ ಒಂದು ಮಾತೂ ಆಡಲಿಲ್ಲ. ಮಗು ಬೀಸಣಿಗೆಯನ್ನು ನೋಡಲಿಲ್ಲ. ಕೈಯನ್ನು ಮೊರದ ಮೇಲೆ ನಿಧಾನವಾಗಿ ಸರಿಸುತ್ತ ಆಕೆಯ ಮಡಿಲನ್ನು ನೋಡುತ್ತಿತ್ತು. ಕೈ ಸರಿಯಾದ ವಸ್ತುವಿನ ಮೇಲೆ ಬಂದಾಗ ಕೆಂಚವ್ವನ ಬೆರಳು ತನಗೇ ಗೊತ್ತಿಲ್ಲದಂತೆ ಬೆಲ್ಲದ ಗಂಟಿನ ಕಡೆ ಒಂದಿಷ್ಟು ಅಲುಗುತ್ತಿತ್ತು. ಮಗು ಅದನ್ನು ಹಿಡಿದುಬಿಟ್ಟಿತ್ತು.

ಎರಡು ತಿಂಗಳು ನೀರಿಗೆ ಹೋಯಿತು, ನೀನು ಆಡು ಸಾಕುವವಳು, ನಿನ್ನ ಕೈಗೆ ಮಗುವನ್ನು ಕೊಟ್ಟದ್ದು ನನ್ನ ತಪ್ಪು ಎಂದೆಲ್ಲ ಅಂದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಅವಳ ತಪ್ಪು ಏನೂ ಇಲ್ಲ," ಎಂದಳು ಕೊನೆಗೆ. "ಅವಳು ಚೆನ್ನಾಗೇ ಕಲ್ತಿದಾಳೆ. ನಾ ಕಲ್ಸಿದ್ದು ಬ್ಯಾರೆ. ನಾ ಕಿವೀಗೆ ಕಲ್ಸ್ತಿದೀನಿ ಅಂತಿದ್ದೆ, ಕಣ್ಣಿಗೆ ಕಲ್ಸಿದೆ."

ಆ ವಾರ ಆಕೆ ನಮ್ಮ ಜತೆ ಬಸ್ಸು ಹತ್ತಿದಳು. ಬೇಡವೆಂದರೂ ಕೇಳಲಿಲ್ಲ. ದಿಂಡಿಗಲ್‌ನ ಆ ಚಿಕ್ಕ ಕೋಣೆಯಲ್ಲಿ, ತನ್ನ ಮೊಮ್ಮಗಳ ವಯಸ್ಸಿನ ಶಾಂತಿಯ ಎದುರು ನೆಟ್ಟಗೆ ನಿಂತು, ತಮಿಳಿನಲ್ಲಿ ಒಪ್ಪಿಸಿದಳು: ಎರಡು ತಿಂಗಳ ನೋಟ್‌ಬುಕ್ಕು ಸುಳ್ಳು, ತಪ್ಪು ತಾಯಿಯದಲ್ಲ ನನ್ನದು, ಮತ್ತು ನಾನು ಕಲಿಸಿದ್ದು ಕನ್ನಡದಲ್ಲಿ. ಶಾಂತಿ ಮೊದಲು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಬೈಗುಳ ಬರುತ್ತದೆ ಎಂದು ಕಾದೆ. ಶಾಂತಿ ಕೇಳಿದ್ದು, ಮಗು ಮಡಿಲನ್ನು ನೋಡುತ್ತಿದೆ ಎಂದು ನಿಮಗೆ ಹೇಗೆ ತಿಳಿಯಿತು ಎಂದು. ಕೆಂಚವ್ವ ಹೇಳಿದಳು. ಹಿಂದೆ ಮನೆಯಲ್ಲಿ ಒಂದು ಗಾಡಿಯ ಎತ್ತಿತ್ತಂತೆ. ಹೇಳಿದ ಮಾತಿಗೆ ತಿರುಗುತ್ತದೆ ಎಂದು ಎಲ್ಲರೂ ಹೊಗಳುತ್ತಿದ್ದರಂತೆ. ಒಂದು ಮೋಡದ ದಿನ ಅದು ತಿರುಗಲೇ ಇಲ್ಲ. ಅದು ತಿರುಗುತ್ತಿದ್ದದ್ದು ಮಾತಿಗಲ್ಲ, ನೆಲದ ಮೇಲಿನ ಚಾಟಿಯ ನೆರಳಿಗೆ. ಸರಿಯಾದ ಕೆಲಸ ಮಾಡಿದರೆ ಸರಿಯಾದ ಕಾರಣಕ್ಕೇ ಮಾಡಿತು ಅಂದುಕೊಳ್ಳಬಾರದು ಎಂದು ಆಗ ಕಲಿತೆ, ಮರೆತೆ, ಈಗ ಮತ್ತೆ ಕಲಿತೆ ಎಂದಳು.

ಶಾಂತಿ ತಲೆದೂಗಿದಳು. ಭಾಷೆಯ ವಿಷಯಕ್ಕೆ ಮಾತ್ರ ಪಟ್ಟು ಹಿಡಿದಳು. ಒಂದು ವಸ್ತುವಿಗೆ ಎರಡು ಹೆಸರಾದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದಳು. ಕೆಂಚವ್ವ ಅಲ್ಲಾಡಲಿಲ್ಲ, ಈ ಸಲ ಕನ್ನಡಕ್ಕೆ ಹೊರಳಿದಳು.

"ಇವಳ ಬಾಯಿಂದ ತಮಿಳೇ ಬರ್ಲಿ," ಎಂದು ನನ್ನ ಕಡೆ ತೋರಿಸಿದಳು. "ನನ್ನ ಬಾಯಿಂದ ನಮ್ಮ ಮಾತೇ ಬರ್ಲಿ. ಎರಡೂ ಬೆರಸಬಾರ್ದು. ಯಾವ ಬಾಯಿ ಯಾವ ಮಾತು ಅಂತ ಪಿಳ್ಳೆಗೆ ತಿಳೀತದೆ. ತಿಳೀದಿದ್ರೆ ಆರು ತಿಂಗ್ಳಿಗೆ ನಾನೇ ಬಾಯಿ ಮುಚ್ಕೋತೀನಿ."

ನಾನು ಅದನ್ನು ತಮಿಳಿಗೆ ತಿರುಗಿಸಿ ಹೇಳಿದೆ. ಆರು ತಿಂಗಳು ನೋಡೋಣ ಎಂದಳು ಶಾಂತಿ.

ಮತ್ತೆ ಮೊದಲಿನಿಂದ ಶುರುವಾಯಿತು. ಬೆಲ್ಲ ನಿಂತಿತು. ಕೆಂಚವ್ವ ಈಗ ಮಗುವಿನ ಬೆನ್ನ ಹಿಂದೆ ಕೂರುತ್ತಿದ್ದಳು, ಅದೂ ಗೋಡೆಯ ಕಡೆ ಮುಖ ಮಾಡಿ, ತನಗೂ ಮಗು ಏನು ಮಾಡುತ್ತಿದೆ ಎಂದು ಕಾಣದ ಹಾಗೆ. ಸರಿಯೋ ತಪ್ಪೋ ಎಂದು ನೋಡುವುದು ನನ್ನ ಕೆಲಸ. "ಬಳೆ" ಎಂದರೆ ಬಳೆ ತೊಡಿಸುವುದು. "ಬಾಗಿಲು" ಎಂದರೆ ಬಾಗಿಲು ತೆರೆದು ಹೊರಗೆ ಬಿಡುವುದು. ಬೇರೆ ಲಂಚವಿಲ್ಲ. "ಮಾತೇ ಕೂಲಿ ಕೊಡ್ಬೇಕು," ಎನ್ನುತ್ತಿದ್ದಳು.

ಇಲ್ಲಿ ನನಗೊಂದು ತೊಡಕು ಬಂತು. ನೋಟ್‌ಬುಕ್ಕನ್ನು ನಾನು ಬರೆಯುತ್ತಿದ್ದದ್ದು ತಮಿಳಿನಲ್ಲಿ, ನನಗೆ ಗೊತ್ತಿದ್ದದ್ದು ಆ ಅಕ್ಷರ ಒಂದೇ. ಕೆಂಚವ್ವ ಹೇಳಿದ್ದು ಬಟ್ಟೆಯೋ, ಪಟ್ಟೆಯೋ? ಅಂದರೆ ಉಡುವ ಬಟ್ಟೆಯೋ, ರೇಷ್ಮೆಯೋ? ಎರಡಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ಮಗು ಎಡವುತ್ತಿದ್ದದ್ದು ಸರಿಯಾಗಿ ಅಲ್ಲೇ, ಮತ್ತು ನನ್ನ ನೋಟ್‌ಬುಕ್ಕಿನಲ್ಲಿ ಆ ಎಡವಿಕೆ ಕಾಣುತ್ತಲೇ ಇರಲಿಲ್ಲ. ಹೊಸೂರಿನಲ್ಲಿದ್ದ ತಂಗಿಗೆ ಹೇಳಿ ಒಂದನೇ ತರಗತಿಯ ಕನ್ನಡ ಪುಸ್ತಕ ತರಿಸಿಕೊಂಡೆ. ಮೂವತ್ತೊಂದನೇ ವಯಸ್ಸಿನಲ್ಲಿ, ಹೊಲಿಗೆ ಯಂತ್ರದ ಮೇಲೆ ಪುಸ್ತಕ ಇಟ್ಟುಕೊಂಡು, ನಾನು ನನ್ನ ತಾಯಿಮಾತನ್ನು ಬರೆಯಲು ಕಲಿತೆ. ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಹಾಗೆ ಬಂದ ವಿದ್ಯೆಯಿಂದ.

ಆಷಾಢದ ಹೊತ್ತಿನ ಆಡಿ ತಿಂಗಳು ಬಂತು. ನಮ್ಮ ಕಣಿವೆಯಲ್ಲಿ ಆ ತಿಂಗಳ ಗಾಳಿಗೆ ತಡೆಯಿಲ್ಲ. ಬೆಟ್ಟದ ಸಂದಿನಿಂದ ನುಗ್ಗಿ ದ್ರಾಕ್ಷಿ ಚಪ್ಪರಗಳನ್ನು ಹಗಲಿಡೀ ಅಲ್ಲಾಡಿಸುತ್ತದೆ. ಮಗುವಿನ ಯಂತ್ರಕ್ಕೆ ಬರೀ ಗಾಳಿಯೇ ಕೇಳಿಸುತ್ತಿತ್ತು. ಕೆಂಚವ್ವ ತೋಟದ ಮನೆಯಲ್ಲಿ ದ್ರಾಕ್ಷಿ ಪೆಟ್ಟಿಗೆಗಳನ್ನು ಜೋಡಿಸಿಡುವ ಕಿಟಕಿಯಿಲ್ಲದ ಕೋಣೆಯನ್ನು ಗುಡಿಸಿ, ಅಲ್ಲಿ ಪಾಠ ಮುಂದುವರಿಸಿದಳು. ಸೆಕೆಯಲ್ಲಿ ಬೆವರು ಸುರಿಯುತ್ತಿತ್ತು. ಮಗು ಹಟ ಮಾಡಿ ಬಿಲ್ಲೆ ಕಿತ್ತು ಎಸೆಯುವುದು, ಆಕೆ ಎತ್ತಿ ಒರೆಸಿ ಮತ್ತೆ ಹಾಕುವುದು. ನಾಲ್ಕು ತಿಂಗಳಾದರೂ ಹತ್ತಕ್ಕೆ ಮೂರು, ನಾಲ್ಕು. ಅಷ್ಟು ಕಣ್ಣು ಮುಚ್ಚಿ ಎತ್ತಿದರೂ ಬರುತ್ತದೆ.

ಒಂದು ದಿನ ಆ ಪೆಟ್ಟಿಗೆಗಳ ನಡುವೆ ನಾನು ನೋಟ್‌ಬುಕ್ಕು ಮುಚ್ಚಿದೆ. ಸಾಕು, ಕೈಸನ್ನೆಯಲ್ಲೇ ಬದುಕಲಿ, ಎಷ್ಟು ಜನ ಬದುಕುತ್ತಿಲ್ಲ ಎಂದೆ. ಆಗ ಆಕೆ ತನ್ನ ತಂಗಿಯ ವಿಷಯ ಹೇಳಿದಳು. ಅಷ್ಟು ವರ್ಷ ಎದುರು ಮನೆಯಲ್ಲಿದ್ದರೂ ಆ ತಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಹುಟ್ಟಿನಿಂದ ಕಿವುಡಿ. ಊರು ಪೆದ್ದಿ ಎಂದು ತೀರ್ಮಾನಿಸಿ ಆಡಿನ ಹಿಂದೆ ಬಿಟ್ಟಿತ್ತು. ಮೂವತ್ತರ ವಯಸ್ಸಿಗೆ ಜ್ವರ ಬಂತು. ಕೈಯಲ್ಲಿ ಏನೇನೋ ತೋರಿಸಿದಳಂತೆ. ಅಮ್ಮ ಹೊಟ್ಟೆ ಎಂದುಕೊಂಡಳು, ಅಣ್ಣ ತಲೆ ಎಂದುಕೊಂಡ.

"ಎಲ್ಲಿ ನೋವು ಅಂತ ಹೇಳ್ತಾನೇ ಹೋದ್ಳು," ಎಂದಳು ಕೆಂಚವ್ವ. "ಕೈಸನ್ನೇನೇ ಇರ್ಲಿ, ಅದನ್ನೂ ಕೂತು ಕಲೀಬೇಕು. ಅವಳದು ಅಂತ ಒಂದು ಮಾತಿತ್ತು. ನಾವು ಯಾರೂ ಕಲೀಲಿಲ್ಲ. ಪೆದ್ದರು ನಾವು. ನೀ ಬರೆಯೋ ಹಂಗಿದ್ರೆ ಬರಿ, ಇಲ್ಲಾಂದ್ರೆ ಆ ಪುಸ್ತಕ ಇಲ್ಲಿಟ್ಟು ಹೋಗು. ನಾ ಗೀಟು ಹಾಕ್ತೀನಿ."

ನಾನು ನೋಟ್‌ಬುಕ್ಕು ತೆರೆದೆ.

ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಗಾಳಿ ಇಳಿದು, ಪಾಠ ಆಕೆಯ ಮನೆಗೆ ಹಿಂತಿರುಗಿತು. ಆಗ ನಡೆಯುತ್ತಿದ್ದ ಜೋಡಿ ಬಳೆ ಮತ್ತು ಮಳೆ. ಎರಡಕ್ಕೂ ಪೂರ್ಣಿ ಕೈಯನ್ನೇ ಹಿಂದಕ್ಕೆ ಚಾಚುತ್ತಿದ್ದಳು, ಬಳೆ ತೊಡಿಸಲಿ ಎಂದು. ಮೂರು ವಾರ ಹೀಗೇ. ಆವತ್ತು ಬೆಳಗಿನಿಂದ ಒಣ ಬಿಸಿಲು. ಕೆಂಚವ್ವ ಗೋಡೆಯ ಕಡೆ ಮುಖ ಮಾಡಿ "ಮಳೆ" ಎಂದಳು. ಪೂರ್ಣಿ ಕೈ ಚಾಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಎದ್ದು, ಬಾಗಿಲಿಗೆ ನಡೆದು, ಸೂರಿನ ಕೆಳಗೆ ಅಂಗೈ ಮಲಗಿಸಿ ಹಿಡಿದಳು. ಮೇಲೆ ನೋಡಿದಳು. ಏನೂ ಬೀಳಲಿಲ್ಲ. ತಿರುಗಿ ನಮ್ಮಿಬ್ಬರನ್ನೂ ನೋಡಿದಳು, ಸುಳ್ಳು ಹೇಳಿದಿರಿ ಎಂಬಂತೆ.

ಏನಾಯಿತು ಎಂದು ಕೆಂಚವ್ವ ಗೋಡೆಗೇ ಕೇಳಿದಳು. ಹೇಳಿದೆ. ಆಗಲೂ ಆಕೆ ತಿರುಗಲಿಲ್ಲ. ಮಗುವನ್ನು ಕೂರಿಸಲು ಹೇಳಿ, ಸ್ವಲ್ಪ ಬಿಟ್ಟು "ಬಳೆ" ಎಂದಳು. ಪುಟ್ಟ ಕೈ ಹಿಂದಕ್ಕೆ ಬಂತು. ಹಿಂದು ಮುಂದಾಗಿ ಹತ್ತು ಸಲ ಹೇಳಿದಳು. ಎಂಟು ಸರಿಯಾಯಿತು.

"ಎರಡು ತಪ್ಪು," ಎಂದೆ.

"ಇರ್ಲಿ. ಕೇಳಿ ತಪ್ಪಿದ್ದಲ್ವಾ," ಎಂದಳು. ಆಗ ಈ ಕಡೆ ತಿರುಗಿದಳು. ಅತ್ತಿದ್ದಳು ಎಂದು ಬರೆದರೆ ಆಕೆಗೆ ಇಷ್ಟವಾಗುವುದಿಲ್ಲ. ಸೆರಗಿನಿಂದ ಮುಖವೆಲ್ಲ ಒರೆಸಿಕೊಂಡು, ಆಡುಗಳಿಗೆ ನೀರು ಹಾಕಬೇಕೆಂದು ಎದ್ದು ಹೋದಳು.

ಅದರ ಮುಂದಿನ ವಾರ ಶಾಂತಿ ತಾನೇ ಬೆನ್ನ ಹಿಂದೆ ನಿಂತು ತಮಿಳು ಪದಗಳಲ್ಲಿ ಪರೀಕ್ಷೆ ಮಾಡಿದಳು. ಬಸ್, ಪಾಲ್ ಅಂದರೆ ಹಾಲು, ಮಾಡು ಅಂದರೆ ಹಸು. ಮೂರನ್ನೂ ಮಗು ಬೇರ್ಪಡಿಸಿತು. ಕನ್ನಡದಲ್ಲಿ ಹದವಾದ ಕಿವಿ ತಮಿಳಿಗೂ ಬಂತು. ಆರು ತಿಂಗಳ ಗಡುವಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಮೇಲಿನದು ಬೇಗ ಹೇಳಬಹುದು, ಬದುಕಿದ್ದು ಮಾತ್ರ ನಿಧಾನವಾಗಿ. ಪೂರ್ಣಿ ಶಾಲೆಗೆ ಸೇರಿದಳು. ತರಗತಿಯ ಗದ್ದಲದಲ್ಲಿ ಈಗಲೂ ಅರ್ಧ ತಪ್ಪಿಹೋಗುತ್ತದೆ. ಮೊದಲ ಬೆಂಚಿನಲ್ಲಿ ಕೂರುತ್ತಾಳೆ, ತಪ್ಪಿದ್ದನ್ನು ನಾಚದೆ ಕೇಳುತ್ತಾಳೆ. ನಮ್ಮ ಬೀದಿಯ ಮಕ್ಕಳಿಗೆಲ್ಲ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಕೊಡುವ ಒಂದೇ ಮಗು ನನ್ನದು. ಕೆಂಚವ್ವನ ಜತೆ ಅದರಲ್ಲೇ ಜಗಳವಾಡುತ್ತಿದ್ದಳು, ಆಕೆಯದೇ ಬೈಗುಳಗಳಲ್ಲಿ. ನನ್ನ ಕಡೆ ತಿರುಗಿದ ಕ್ಷಣ ತಮಿಳು. ಒಂದು ಸಲವೂ ಬಾಯಿ ಅದಲುಬದಲಾಗಲಿಲ್ಲ.

ಹೋದ ವರ್ಷ ಕೆಂಚವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ತೇನಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಮನೆಗೆ ಬಂದಳು. ಹಾಸಿಗೆಯಲ್ಲಿ ಮಲಗಿಕೊಂಡೇ ಪೂರ್ಣಿಯ ಮಾತಿನ ತಪ್ಪು ಹಿಡಿಯುತ್ತಿದ್ದಳು. ಬೇಸಗೆ ಏರುವ ಪಂಗುಣಿ ತಿಂಗಳ ಒಂದು ಬೆಳಿಗ್ಗೆ, ಮಗಳು ಶಾಲೆಗೆ ಹೊರಡುವ ಹೊತ್ತಿಗೆ, ಎದುರು ಮನೆಯಿಂದ ಅಳು ಕೇಳಿಸಿತು.

ಮಧ್ಯಾಹ್ನ ತಮಟೆಯವರು ಬಂದರು. ನಮ್ಮ ಕಡೆ ಸಾವಿಗೆ ಬಾರಿಸುವ ತಮಟೆಗೆ ಎದೆ ಅದುರುತ್ತದೆ. ಜತೆಗೆ ಪಟಾಕಿ. ಅಂಥ ಸದ್ದು ಯಂತ್ರದ ಮೂಲಕ ಬಂದರೆ ತಲೆಯೊಳಗೆ ಮೊಳೆ ಹೊಡೆದ ಹಾಗಾಗುತ್ತದೆ ಎಂದು ಪೂರ್ಣಿ ಹೇಳುತ್ತಾಳೆ. ಯಾವ ಮೆರವಣಿಗೆ ಬಂದರೂ ತಾನೇ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡುಬಿಡುವಳು. ಆವತ್ತು ತೆಗೆದಿರಲಿಲ್ಲ. ಜಗಲಿಯ ಕಂಬ ಹಿಡಿದು ನಿಂತಿದ್ದಳು, ಒಂದೊಂದು ಪೆಟ್ಟಿಗೂ ಕಣ್ಣು ಮುಚ್ಚಿ ತೆರೆಯುತ್ತ. ತೆಗೆದುಬಿಡು ಎಂದು ನಾನು ಕಿವಿಯ ಕಡೆ ಕೈ ಮಾಡಿ ತೋರಿಸಿದೆ.

"ಬ್ಯಾಡಮ್ಮ," ಎಂದಳು. ನನ್ನ ಜತೆ ಎಂದೂ ಆಡದ ಕನ್ನಡದಲ್ಲಿ. "ಕೇಳ್ತೀನಿ."

ನಮ್ಮಲ್ಲಿ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ಬೀದಿಯ ಕೊನೆಯವರೆಗೆ ಹೋಗಿ ನಿಂತೆವು. ಹೊತ್ತವರು ಕಾಲುವೆಯ ಸೇತುವೆ ದಾಟಿ ದ್ರಾಕ್ಷಿ ತೋಟಗಳ ಮರೆಗೆ ತಿರುಗಿದರು. ಬೇರೆಯವರೆಲ್ಲ ಸ್ನಾನಕ್ಕೆಂದು ಹಿಂತಿರುಗಿದರು. ಪೂರ್ಣಿ ಕದಲಲಿಲ್ಲ. ಆ ಕಡೆಗೆ ತಲೆ ಒಂದಿಷ್ಟು ವಾಲಿಸಿಕೊಂಡು ನಿಂತೇ ಇದ್ದಳು, ನಾನೂ ಪಕ್ಕದಲ್ಲಿ ನಿಂತೆ. ಬಹಳ ಹೊತ್ತಾದ ಮೇಲೆ ನನ್ನ ಕೈ ಹಿಡಿದಳು.

"ಈಗ ನಿಂತೋಯ್ತು," ಎಂದಳು.

ನನ್ನ ಕಿವಿಗೆ ತಮಟೆ ಇನ್ನೂ ಸಣ್ಣಗೆ ಕೇಳಿಸುತ್ತಿತ್ತು. ನಾನು ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡು ಮನೆಗೆ ನಡೆದೆ.